ನಾಲ್ಕಕ್ಕೆ ಹೋಗದ ಕೈ

ಮೇಡಂ ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಚರ್ಮ ನಯವಾಗಿ, ಬೆಳಕಿಗೆ ಹಿಡಿದರೆ ಸ್ವಲ್ಪ ಹೊಳೆಯುತ್ತಿತ್ತು. ನಲವತ್ತು ವರ್ಷ ಒದ್ದೆ ಸ್ಪಂಜಿಗೆ ಬೆರಳು ಒತ್ತಿ ಓಚರುಗಳನ್ನು ತಿರುವಿ ಹಾಗಾಯಿತೆಂದು ಅವರೇ ಹೇಳುತ್ತಿದ್ದರು. ಬ್ಯಾಂಕಿನಲ್ಲಾಗಲಿ, ಸಿಮ್ ಮಾರುವ ಅಂಗಡಿಯಲ್ಲಾಗಲಿ ಹೆಬ್ಬೆಟ್ಟಿನ ಯಂತ್ರ ಅವರನ್ನು ಗುರುತಿಸುತ್ತಿರಲಿಲ್ಲ. ಒರೆಸಿ ಇಟ್ಟರೂ ಇಲ್ಲ, ಎಣ್ಣೆ ಹಚ್ಚಿ ಇಟ್ಟರೂ ಇಲ್ಲ.

"ಮಿಷಿನ್ ಪ್ರಕಾರ ನಾನು ಇಲ್ಲಮ್ಮ," ಎಂದು ಒಮ್ಮೆ ನನಗೆ ಕೈ ತೋರಿಸಿದರು. ನಕ್ಕರು, ಆದರೆ ಸದ್ದು ಬರಲಿಲ್ಲ. ಅವರು ನಗುತ್ತಿದ್ದುದೇ ಹಾಗೆ.

ಆ ಕೈಯನ್ನು ನಾನು ಅಂದು ಸರಿಯಾಗಿ ನೋಡಿದ್ದೆ. ಅದರಲ್ಲಿ ಇರಬೇಕಾಗಿದ್ದ ಇನ್ನೊಂದು ಗುರುತೂ ಇರಲಿಲ್ಲ ಎಂಬುದು ನನಗೆ ಹೊಳೆಯಲು ಏಳು ತಿಂಗಳು ಬೇಕಾಯಿತು.

ನಾನು ಎಂ.ಕಾಂ. ಮುಗಿಸಿ ಜಯನಗರದ ಒಂದು ಸಣ್ಣ ಆಡಿಟ್ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಬಿಲ್ಲುಗಳಿಗೆ ಹಸಿರು ಪೆನ್ನಿನಲ್ಲಿ ಟಿಕ್ ಹಾಕುವುದು ನನ್ನ ಕೆಲಸ. ಒಂದು ದಿನ ಯಜಮಾನರು, "ಇನ್ಮೇಲೆ ಟಿಕ್ ಕಂಪ್ಯೂಟರ್ ಹಾಕತ್ತೆ. ನೀವು ಬೇರೆ ಏನಾದ್ರೂ ಕಲೀರಿ," ಎಂದರು. ಇಟ್ಟಮಡುವಿನ ಒಂದು ಮನೆಯ ಗೇಟಿಗೆ ತೂಗುಹಾಕಿದ್ದ ರಟ್ಟನ್ನು ಸಹೋದ್ಯೋಗಿಯೊಬ್ಬಳು ನೋಡಿ ಬಂದು ಹೇಳಿದಳು. ಕೈಬರಹದಲ್ಲಿ "ಅಕೌಂಟ್ಸ್ ಗೊತ್ತಿದ್ದವರಿಗೆ ಡೇಟಾ ಅನಲಿಟಿಕ್ಸ್. ಭಾನುವಾರ ಬೆಳಿಗ್ಗೆ ಎಂಟು" ಎಂದಷ್ಟೇ ಇತ್ತಂತೆ. ಹೆಸರಿಲ್ಲ, ಫೋನ್ ನಂಬರಿಲ್ಲ.

ಜೆ.ಪಿ. ನಗರದಿಂದ ಬನಶಂಕರಿ ಬಸ್ ನಿಲ್ದಾಣಕ್ಕೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಹೋದೆ. ಕೆಳಗೆ ಮನೆ, ಮೇಲೆ ಶೀಟು ಹೊದಿಸಿದ ಒಂದೇ ಕೋಣೆ. ಪಕ್ಕದಲ್ಲಿ ದೋಸೆ ಹಿಟ್ಟು ರುಬ್ಬಿ ಮಾರುವ ಅಂಗಡಿ. ಅದರ ಗ್ರೈಂಡರಿನ ಸದ್ದು ಗೋಡೆಯಲ್ಲಿ ಹಾದು ನಮ್ಮ ಬೆಂಚಿಗೆ ಬರುತ್ತಿತ್ತು. ಮೇಡಂ ನಿವೃತ್ತರಾದ ಮೇಲೆ, ಅರವತ್ತು ದಾಟಿ, ಈ ವಿದ್ಯೆಯನ್ನು ತಾವೇ ಕಲಿತವರು. ಮದುವೆಯಾಗಿರಲಿಲ್ಲ. ಕೆಳಗಿನ ಮನೆಯಲ್ಲಿ ಅವರೂ ಗಂಡನನ್ನು ಕಳೆದುಕೊಂಡ ತಂಗಿಯೂ ಇದ್ದರು. ಮೇಡಂ ಬೇಸಿಗೆಯಲ್ಲೂ ಕಂದು ಸ್ವೆಟರ್ ಹಾಕುತ್ತಿದ್ದರು. ಎರಡು ಗಂಟೆಯ ಪಾಠದಲ್ಲಿ ಒಂದು ದೊಡ್ಡ ಬಾಟಲಿ ನೀರು ಖಾಲಿಯಾಗುತ್ತಿತ್ತು.

ಮೊದಲ ದಿನ ಕಂಪ್ಯೂಟರ್ ಮುಟ್ಟಿಸಲಿಲ್ಲ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, "ಮನಸ್ಸಿಗೆ ಬಂದ ನೂರು ನಂಬರ್ ಬರೀರಿ. ಮೂರಂಕಿದು. ಯೋಚನೆ ಮಾಡ್ಬೇಡಿ, ಸುಳ್ಳು ಬರೀರಿ," ಎಂದರು. ಬರೆದೆವು. ಅವರು ಹಾಳೆಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಗಿರಿನಗರದ ಒಂದು ಔಷಧಿ ಗೋದಾಮಿನಲ್ಲಿ ಅಕೌಂಟೆಂಟ್ ಆಗಿದ್ದವರು ನನ್ನ ಪಕ್ಕ ಕೂತಿದ್ದರು. ಅವರ ಹಾಳೆ ನೋಡಿ ಮೇಡಂ, "ನಿಮಗೆ ಏಳು ಅಂದ್ರೆ ಪ್ರಾಣ," ಎಂದರು.

"ಏಳನೇ ತಾರೀಖು ಸಂಬಳ ಆಗತ್ತಲ್ಲ ಮೇಡಂ," ಎಂದರು ಅವರು. ಎಲ್ಲರೂ ನಕ್ಕರು.

ನನ್ನ ಹಾಳೆಯನ್ನು ಮೇಡಂ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. "ನೂರರಲ್ಲಿ ಒಂದು ನಂಬರೂ ಎರಡನೇ ಸಲ ಬಂದಿಲ್ಲ. ಬರ್ದಿದ್ದನ್ನೆಲ್ಲ ನೆನಪಿಟ್ಕೊಂಡು ಬರ್ದಿದೀರ. ನೋಡಿದ್ದನ್ನ ಒಳಗೇ ಇಟ್ಕೊಳೋ ಸ್ವಭಾವ."

ನನಗೆ ಮುಖ ಬಿಸಿಯಾಯಿತು. ಅದುವರೆಗೆ ನನ್ನ ಬಗ್ಗೆ ಯಾರೂ ಅಷ್ಟು ನಿಖರವಾಗಿ ಹೇಳಿರಲಿಲ್ಲ.

ಆಮೇಲೆ ಅವರೇ ಬೋರ್ಡಿನ ಮೇಲೆ ನೂರು ನಂಬರ್ ಬರೆದು, "ಈಗ ನನ್ನ ಕೈ ಹಿಡೀರಿ, ಅದರ ಚಾಳಿ ಏನು ಹೇಳಿ," ಎಂದರು. ಮುಂದಿನ ವಾರದ ತನಕ ಹುಡುಕಿದೆವು. ಎರಡು ವಿಷಯ ಸಿಕ್ಕವು. ಅವರ ನಂಬರುಗಳು ಎರಡು ಸಲ ಏರಿ ಒಂದು ಸಲ ಇಳಿಯುತ್ತಿದ್ದವು. ಮತ್ತೆ ಎರಡು ಏರು, ಒಂದು ಇಳಿ. ಎರಡನೆಯದು, ಒಂದು ನಂಬರೂ ನಾಲ್ಕರಲ್ಲಿ ಮುಗಿಯುತ್ತಿರಲಿಲ್ಲ. ನೂರರಲ್ಲಿ ಹತ್ತಾದರೂ ಇರಬೇಕಿತ್ತು.

"ಯಾಕೆ ಮೇಡಂ?" ಎಂದು ಕೇಳಿದೆವು.

"ಗೊತ್ತಿಲ್ಲ. ಹತ್ತು ಸಲ ಬರ್ದ್ರೂ ಹಂಗೇ ಬರತ್ತೆ. ಗೊತ್ತಾದ್ಮೇಲೂ ಬರತ್ತೆ. ನಾಲ್ಕಕ್ಕೆ ನನ್ನ ಕೈ ಹೋಗಲ್ಲ." ತಮ್ಮ ನಯವಾದ ಬೆರಳುಗಳನ್ನು ನೋಡಿಕೊಂಡರು. "ಹೆಬ್ಬೆಟ್ಟು ಸವೆದು ಹೋಗತ್ತಮ್ಮ. ಇದು ಹೋಗಲ್ಲ."

ಆ ಹಾಳೆಗಳನ್ನೆಲ್ಲ ಅವರು ಒಂದು ಬಾಕ್ಸ್ ಫೈಲಿನಲ್ಲಿ ದಾರ ಕಟ್ಟಿ ಇಟ್ಟುಕೊಳ್ಳುತ್ತಿದ್ದರು. ಮುಂದಿನ ವಾರಗಳಲ್ಲಿ ಉಳಿದದ್ದೆಲ್ಲ ಬಂತು. ಕೊನೆಯ ಅಂಕಿಯನ್ನು ಬೇರ್ಪಡಿಸುವ ಸೂತ್ರ, ಸಾವಿರಾರು ಸಾಲುಗಳನ್ನು ಒಂದು ಗುಕ್ಕಿನಲ್ಲಿ ಎಣಿಸುವ ಪಿವಟ್ ಟೇಬಲ್, ಚಾರ್ಟು. ಆದರೆ ಪಾಠದ ಕೊನೆಯ ಅರ್ಧ ಗಂಟೆ ಮಾತ್ರ ಅವರದೇ. ನಮ್ಮಲ್ಲಿ ಒಬ್ಬರು ತಮ್ಮ ಕಚೇರಿಯ ಯಾವುದಾದರೂ ಪಟ್ಟಿ ತಂದು ಗಟ್ಟಿಯಾಗಿ ಓದಬೇಕು. ಮೇಡಂ ನಮಗೆ ಬೆನ್ನು ಮಾಡಿ, ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು. ಕೃತಕವಾದ ಸಂಖ್ಯೆ ಬಂದಾಗ ಎಡಗೈಯ ತೋರುಬೆರಳು ಸುಮ್ಮನೆ ಮೇಲೇಳುತ್ತಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ಪರೀಕ್ಷಿಸಿದರೆ ಬೆರಳೆದ್ದ ಕಡೆಯೇ ಏನೋ ಇರುತ್ತಿತ್ತು. ಒಳ್ಳೆಯ ಬಿಸಿಲಿನ ಬೆಳಗಿನಲ್ಲೂ ಆ ಬೆರಳು ಏಳುವುದನ್ನು ನೋಡಲು ನನಗೆ ಇಷ್ಟವಾಗುತ್ತಿರಲಿಲ್ಲ.

ಒಂದು ಭಾನುವಾರ ಗಿರಿನಗರದವರು ತಮ್ಮ ಗೋದಾಮಿನ ತಣ್ಣನೆ ಕೋಣೆಯ ಉಷ್ಣಾಂಶದ ಪುಸ್ತಕ ತಂದಿದ್ದರು. ಬೆಳಿಗ್ಗೆ ಒಬ್ಬ, ಸಂಜೆ ಒಬ್ಬ ನೋಡಿ ಬರೆದು ಸಹಿ ಹಾಕಬೇಕು. ಅವರು ಓದಿದರು. ಮೇಡಂ ತಿರುಗದೆ ಹೇಳಿದರು: "ಬೆಳಗಿನೋರು ಇಲ್ಲ."

"ಇದಾರೆ ಮೇಡಂ. ದಿನಾ ಸಹಿ ಇದೆ ನೋಡಿ."

"ಸಹಿ ಎರಡು. ಕೈ ಒಂದು. ಮೊದಲನೇ ಪುಟದಲ್ಲಿ ಇಬ್ರಿದ್ರು. ಈಗ ಬೆಳಗಿನೋರು ಇಲ್ಲ."

ಮುಂದಿನ ಭಾನುವಾರ ಗಿರಿನಗರದವರು ತಮಾಷೆ ಮಾಡದೆ ಬಂದು ಕೂತರು. ಸಂಜೆಯವನನ್ನು ಕರೆದು ಕೇಳಿದರಂತೆ. ಬೆಳಗಿನವನು ತನ್ನ ಊರಿನಲ್ಲಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅವನ ಹೆಂಡತಿಗೆ ಎಲ್ಲಾದರೂ ಕೆಲಸ ಸಿಗುವ ತನಕ ಅವನ ಸಂಬಳ ನಿಲ್ಲದಿರಲಿ ಎಂದು ಸಂಜೆಯವನೇ ಎರಡೂ ಹೊತ್ತು ಬರೆದು, ಇಬ್ಬರ ಸಹಿಯನ್ನೂ ಹಾಕುತ್ತಿದ್ದ.

"ಸತ್ತಿದಾನೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು ಮೇಡಂ?" ಎಂದು ಅವರು ಮೆಲ್ಲಗೆ ಕೇಳಿದರು.

"ನನಗೆ ಗೊತ್ತಾಗ್ಲಿಲ್ಲ. ಇಲ್ಲ ಅಂತ ಅಷ್ಟೇ ಗೊತ್ತಾಯ್ತು. ನಂಬರು ಬಾಗಿಲ ತನಕ ಕರ್ಕೊಂಡು ಹೋಗತ್ತೆ. ತಟ್ಟೋದು ನಾವು. ನೀವು ಹೋಗಿ ಕೇಳಿದ್ರಲ್ಲ, ಅದೇ ಕೆಲ್ಸ. ಮಿಕ್ಕಿದ್ದೆಲ್ಲ ಮಿಷಿನ್ನು."

ನಾನು ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಕೆಳಗೆ ಗೆರೆಯನ್ನೂ ಎಳೆದೆ.

ಫೆಬ್ರವರಿಯ ಕೊನೆಯ ದಿನ ಶನಿವಾರ. ಕಚೇರಿಯಿಂದ ಬರುವಾಗ ಒಂದು ಪುಸ್ತಕ ಹಿಂತಿರುಗಿಸಲು ಅವರ ಮನೆಗೆ ಹೋಗಿದ್ದೆ. ತಂಗಿ, ನಾನು ಆಂಟಿ ಎಂದು ಕರೆಯುತ್ತಿದ್ದವರು, ಜಗುಲಿಯಲ್ಲಿ ಹುರುಳಿಕಾಯಿ ಸೋಸುತ್ತಿದ್ದರು. ಅಕ್ಕನ ಮೇಲೆ ದೂರು ಹೇಳಲು ಅವರಿಗೆ ಯಾರಾದರೂ ಬೇಕಿತ್ತು.

"ನೋಡಮ್ಮ, ಡಾಕ್ಟರು ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬನ್ನಿ ಅಂದ್ರೆ ಮುಂದಿನ ವಾರ ಅಂತಾಳೆ. ಏಳು ತಿಂಗಳಿಂದ ಮುಂದಿನ ವಾರ ಬಂದೇ ಇಲ್ಲ. ಮನೇಲಿ ದಿನಾ ಚುಚ್ಕೊಂಡು ಶುಗರ್ ಎಷ್ಟು ಅಂತ ಬರ್ದಿಡ್ತಾಳೆ, ಅದು ನಿಜ. ಬೆಳಗ್ಗೆ ನಾನು ಕಾಫಿ ಬೆರೆಸೋವಾಗ ರೂಮಿಂದ್ಲೇ ಕೂಗ್ತಾಳೆ, ನೂರಾ ಹದಿನೇಳು, ನೂರಾ ಇಪ್ಪತ್ಮೂರು ಅಂತ. ಬುಧವಾರ ಡಾಕ್ಟರ ಹತ್ರ ಹೋಗ್ಬೇಕು. ಅದನ್ನಾದ್ರೂ ನೀಟಾಗಿ ಒಂದು ಗ್ರಾಫ್ ಮಾಡಿಕೊಡು."

ಮೇಡಂ ಬಾಗಿಲಲ್ಲಿ ನಿಂತಿದ್ದರು. "ಆ ಹುಡುಗಿಗೆ ಬೇರೆ ಕೆಲ್ಸ ಇಲ್ವಾ?"

"ಊರೋರ ನಂಬರೆಲ್ಲ ನೋಡ್ತೀಯ, ನಿಂದು ಯಾರಾದ್ರೂ ನೋಡ್ಬಾರ್ದಾ?" ಎಂದರು ತಂಗಿ.

ಮೇಡಂ ಒಳಗೆ ಹೋಗಿ ನೀಲಿ ರಟ್ಟಿನ ಪುಸ್ತಕ ತಂದರು. ತಿಂಗಳಿಗೊಂದು ಪುಟ. ನನ್ನ ಕೈಗೆ ಕೊಟ್ಟ ಮೇಲೂ ಒಂದು ಕ್ಷಣ ಬಿಡಲಿಲ್ಲ. ಆಮೇಲೆ ಬಿಟ್ಟರು.

ಮನೆಗೆ ಬಂದು ಇನ್ನೂರ ಹನ್ನೆರಡು ದಿನಗಳ ಅಂಕಿ ಟೈಪ್ ಮಾಡಿದೆ. 108, 117, 123, 111, 119, 126, 113. ಇನ್ನೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಬೆರಳುಗಳು ಮುಂದಿನ ಸಂಖ್ಯೆ ಏರುತ್ತದೋ ಇಳಿಯುತ್ತದೋ ಎಂಬುದನ್ನು ಮೊದಲೇ ತಿಳಿದಂತೆ ಹೋಗತೊಡಗಿದವು. ಅಭ್ಯಾಸಬಲದಿಂದ ಕೊನೆಯ ಅಂಕಿಯನ್ನು ಬೇರೆ ಕಾಲಮ್ಮಿಗೆ ತೆಗೆದು ಪಿವಟ್ ಟೇಬಲ್ ಹಾಕಿದೆ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಸಾಲು ಬರಬೇಕು. ಒಂಬತ್ತು ಬಂದವು.

ನಮ್ಮಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಟೀವಿ ನೋಡುತ್ತಿದ್ದರು. ಅವರಿಗೂ ಶುಗರ್ ಇದೆ. ಅವರ ಬೆರಳ ತುದಿಗಳಲ್ಲಿ ಚುಚ್ಚಿ ಚುಚ್ಚಿ ಎಳ್ಳಿನಂಥ ಕಪ್ಪು ಚುಕ್ಕೆಗಳಿವೆ. ಮೇಡಂ ನನಗೆ ಬಿಡಿಸಿ ತೋರಿಸಿದ್ದ ಕೈಯಲ್ಲಿ ಒಂದೇ ಒಂದು ಚುಕ್ಕೆ ಇರಲಿಲ್ಲ.

ಮರುದಿನ, ಮಾರ್ಚ್ ಒಂದು, ಪಾಠ ಮುಗಿದು ಎಲ್ಲರೂ ಇಳಿದು ಹೋದ ಮೇಲೆ ಪುಸ್ತಕವನ್ನೂ ಪ್ರಿಂಟ್ ತೆಗೆದ ಗ್ರಾಫನ್ನೂ ಕೊಟ್ಟೆ. ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪಕ್ಕದ ಅಂಗಡಿಯ ಗ್ರೈಂಡರ್ ನಿಂತಿತು. ಆಗ ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ ಅವರು ನೀರು ನುಂಗಿದ್ದು ನನಗೆ ಕೇಳಿಸಿತು.

"ನೀಟಾಗಿದೆ," ಎಂದರು. ಆಮೇಲೆ, ನನಗೆ ಬೆನ್ನು ಮಾಡಿಕೊಂಡೇ, "ಏನಾದ್ರೂ ಕಾಣ್ತಾ?" ಎಂದರು.

ಅವರ ಎಡಗೈ ಕಿಟಕಿಯ ಸರಳಿನ ಮೇಲಿತ್ತು.

"ಇಲ್ಲ ಮೇಡಂ," ಎಂದೆ.

ತೋರುಬೆರಳು ಮೇಲೆದ್ದಿತು. ಅವರು ಬೇಕೆಂದು ಎತ್ತಿದ್ದಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅದನ್ನು ಅವರೂ ನೋಡಿದರು, ನಾನೂ ನೋಡಿದೆ.

"ಸರಿ," ಎಂದರು.

ಯಾಕೆ ಹೇಳಲಿಲ್ಲ? ಹಿರಿಯರಿಗೆ ನೀವು ಸುಳ್ಳು ಬರೆದಿದ್ದೀರಿ ಎಂದು ಹೇಳುವುದು ಹೇಗೆ ಎಂದು ಅಂದುಕೊಂಡೆ. ಅವರ ದೇಹ, ಅವರ ಇಷ್ಟ ಎಂದುಕೊಂಡೆ. ಬಸ್ಸಿನಲ್ಲಿ ಬರುವಾಗ ಇನ್ನೂ ಎರಡು ಕಾರಣ ಹುಡುಕಿಕೊಂಡೆ. ನಿಜ ಕಾರಣ ಅವರು ಮೊದಲ ದಿನವೇ ನನ್ನ ಹಾಳೆ ನೋಡಿ ಹೇಳಿದ್ದರು.

ಬುಧವಾರ ಗ್ರಾಫ್ ಡಾಕ್ಟರ ಬಳಿ ಹೋಯಿತು. ಮುಂದಿನ ಭಾನುವಾರ ಪಾಠದಲ್ಲಿ ಮೇಡಂ ಎರಡು ಬಾಟಲಿ ನೀರು ಕುಡಿದರು. ಚಪ್ಪಲಿಯ ಒಂದು ಪಟ್ಟಿಯನ್ನು ಕತ್ತರಿಸಿದ್ದರು. ಕಾಲಿನ ಹೆಬ್ಬೆರಳಿನ ಗಾಯಕ್ಕೆ ಬಟ್ಟೆ ಸುತ್ತಿದ್ದರು. ಹೊರಡುವಾಗ ನನ್ನನ್ನು ಕರೆದು, "ನಿಮ್ಮ ಗ್ರಾಫ್ ಡಾಕ್ಟರಿಗೆ ಇಷ್ಟ ಆಯ್ತಮ್ಮ. ಇದೇ ಮಾತ್ರೆ ಸಾಕು ಅಂದ್ರು," ಎಂದರು. ಸದ್ದಿಲ್ಲದೆ ನಕ್ಕರು. ನಾನು ತಲೆಯಾಡಿಸಿ ಮೆಟ್ಟಿಲಿಳಿದೆ.

ಸೋಮವಾರ ಬೆಳಿಗ್ಗೆ ಅವರು ಎಂದಿನಂತೆ ರೂಮಿನಿಂದ ನಂಬರ್ ಕೂಗಿ ಹೇಳಿದರಂತೆ. ತಂಗಿ ಕಾಫಿ ಬೆರೆಸಿ ತರುವಷ್ಟರಲ್ಲಿ ಕುರ್ಚಿಯಲ್ಲೇ ತಲೆ ವಾಲಿತ್ತು. ಹೃದಯ ಎಂದರು ಡಾಕ್ಟರು. ಶುಗರ್ ಜಾಸ್ತಿ ಇರುವವರಿಗೆ ಹೀಗೆ ನೋವೇ ಇಲ್ಲದೆ ಆಗುವುದುಂಟಂತೆ. "ಇವರದು ಹತೋಟಿಯಲ್ಲಿತ್ತಲ್ಲ," ಎಂದು ಅವರೇ ಆಶ್ಚರ್ಯಪಟ್ಟರಂತೆ.

ಹದಿಮೂರನೆಯ ದಿನದ ಕಾರ್ಯ ಮುಗಿದ ಮರುದಿನ, ಇಪ್ಪತ್ತೆರಡನೇ ತಾರೀಖು ಭಾನುವಾರ, ಆಂಟಿ ನನ್ನನ್ನು ಕರೆಸಿದರು. ಮೇಲಿನ ಕೋಣೆಯ ಕಂಪ್ಯೂಟರುಗಳನ್ನು, ಫೈಲುಗಳನ್ನು ಏನು ಮಾಡಬೇಕೋ ನೋಡಮ್ಮ ಎಂದು. ಹೋದೆ. ಗೇಟಿನ ರಟ್ಟು ಹಾಗೇ ಇತ್ತು. ಆಂಟಿ ಮೇಲಿನ ಕೋಣೆಯಲ್ಲೇ ನೀಲಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಹತ್ತನೇ ತಾರೀಖು ಬೆಳಗ್ಗೆ ಮನೆ ತುಂಬ ನೆಂಟರು. ಅಡುಗೆ ಮನೇಲಿ ನಿಂತಿದ್ದೆ. ನೂರಾ ಇಪ್ಪತ್ತೊಂದು ಅಂತ ಕೇಳಿಸ್ತು ಕಣಮ್ಮ. ಅವಳದೇ ದನಿ. ಅಭ್ಯಾಸ, ಏನೋ ಭ್ರಮೆ ಅಂದ್ಕೊಂಡೆ. ಆಮೇಲೆ ಇದು ಅವಳ ಡ್ರಾಯರಲ್ಲಿ ಸಿಕ್ತು." ಪುಟ ತೆಗೆದು ನನ್ನ ಮುಂದಿಟ್ಟರು.

ಮಾರ್ಚ್ ತಿಂಗಳ ಪುಟ. ಒಂದರಿಂದ ಮೂವತ್ತೊಂದರವರೆಗೆ ಪೂರ್ತಿ ತುಂಬಿತ್ತು. ಅವರು ತೀರಿಕೊಂಡ ಒಂಬತ್ತರ ನಂತರವೂ ಅದೇ ಶಾಯಿ, ಅದೇ ದುಂಡನೆಯ ಅಕ್ಷರ. ಹತ್ತನೇ ತಾರೀಖಿನ ಎದುರು 121. ಯುಗಾದಿಯ ಮರುದಿನದ ಎದುರು 131, ಪಕ್ಕದಲ್ಲಿ ಸಣ್ಣದಾಗಿ, "ನಿನ್ನೆ ಹಬ್ಬ. ಒಬ್ಬಟ್ಟು ಒಂದು." ಆ ವರ್ಷ ಆ ಮನೆಯಲ್ಲಿ ಒಬ್ಬಟ್ಟು ಮಾಡಿರಲಿಲ್ಲ. ನಾವು ಕೂತಿದ್ದ ದಿನದ ಎದುರು 113.

"ತಿಂಗಳ ಮೊದಲ್ನೇ ದಿನವೇ ಪೂರ್ತಿ ಬರ್ದಿಡ್ತಿದ್ಲು ಅಂತ ಕಾಣತ್ತೆ. ದಿನಾ ಬೆಳಗ್ಗೆ ತೆಗೆದು ಓದಿ ಕೂಗ್ತಿದ್ಲು," ಎಂದರು ಆಂಟಿ. "ಈಗ ನಾನೇ ತೆಗೆದು ಅವತ್ತಿಂದು ನೋಡ್ತೀನಿ. ನೋಡ್ದೆ ಕಾಫಿ ಕುಡಿಯಕ್ಕಾಗಲ್ಲ. ಇವತ್ತು ನೂರಾ ಹದಿಮೂರು. ಚೆನ್ನಾಗಿದಾಳೆ ಇವತ್ತು."

ಅವರು ಎರಡನೇ ತಾರೀಖಿನ ಮೇಲೆ ಬೆರಳಿಟ್ಟರು.

"ಇಲ್ಲೊಂದು ಏನೋ ಬರ್ದು ಹೊಡ್ದಿದಾಳೆ. ಅವತ್ತು ನನಗೆ ನೂರಾ ಹದಿನೆಂಟು ಅಂತಾನೇ ಕೂಗಿದ್ಲು."

118ರ ಪಕ್ಕದಲ್ಲಿ, ಬೇರೆ ಶಾಯಿಯಲ್ಲಿ, ಮೇಲೆ ಎರಡು ಗೆರೆ ಎಳೆದು ಹೊಡೆದುಹಾಕಿದ ಒಂದು ಸಂಖ್ಯೆ. 344.

ಎರಡನೇ ತಾರೀಖು ಸೋಮವಾರ. ಅದರ ಹಿಂದಿನ ದಿನ ನಾನು ಇದೇ ಕೋಣೆಯಲ್ಲಿ "ಇಲ್ಲ ಮೇಡಂ" ಎಂದಿದ್ದೆ. ಆಂಟಿಯನ್ನು ಕೇಳಿ ಶುಗರ್ ನೋಡುವ ಮಿಷಿನ್ನಿನ ಡಬ್ಬಿ ತರಿಸಿದೆ. ಐವತ್ತು ಸ್ಟ್ರಿಪ್ಪಿನ ಒಂದೇ ಡಬ್ಬ, ಹೋದ ವರ್ಷದ್ದು. ಎಣಿಸಿದೆ. ನಲವತ್ತೊಂಬತ್ತು ಇದ್ದವು.

ಆ ಪುಸ್ತಕದಲ್ಲಿ ನಾಲ್ಕರಲ್ಲಿ ಮುಗಿಯುವ ಸಂಖ್ಯೆ ಅದೊಂದೇ. ಮೇಡಂ ನಿಜವಾಗಿ ಚುಚ್ಚಿ ನೋಡಿಕೊಂಡಿದ್ದು ಅದೊಂದೇ ದಿನ.

"ಹಂಗಾದ್ರೆ ಹಿಂದಿಂದೂ ಎಲ್ಲ ಸುಳ್ಳಾ?" ಎಂದರು ಆಂಟಿ. ನನ್ನ ಮುಖವನ್ನೇ ನೋಡುತ್ತಿದ್ದರು. "ನೀನು ಕಂಪ್ಯೂಟರಲ್ಲಿ ಹಾಕಿದ್ಯಲ್ಲಮ್ಮ. ಏನಾದ್ರೂ ಕಾಣ್ತಾ?"

ಅಕ್ಕ ಕೇಳಿದ್ದ ಪ್ರಶ್ನೆಯೇ. ಒಂದಕ್ಷರವೂ ಆಚೀಚೆ ಇಲ್ಲ. ಪಕ್ಕದಲ್ಲಿ ಗ್ರೈಂಡರ್ ತಿರುಗುತ್ತಿತ್ತು. ಕಿಟಕಿಯ ಕಡೆ ನೋಡಬಾರದೆಂದುಕೊಂಡರೂ ನೋಡಿದೆ. ಸರಳಿನ ಮೇಲೆ ಬಿಸಿಲು ಮಾತ್ರ ಇತ್ತು.

"ಕಂಡಿತ್ತು ಆಂಟಿ."

"ಅವತ್ತೇ?"

"ಅವತ್ತೇ. ಮೇಡಂ ಕೇಳಿದ್ರು. ಇಲ್ಲ ಅಂದೆ."

ಅವರು ಪುಸ್ತಕ ಮುಚ್ಚಿದರು. ಬೈಯಲಿಲ್ಲ. ಬೈದಿದ್ದರೆ ಕೂತು ಕೇಳಿಸಿಕೊಳ್ಳುತ್ತಿದ್ದೆ. "ಒಂದು ಮಾತು ಹೇಳ್ಬೋದಿತ್ತಲ್ಲಮ್ಮ," ಎಂದು ಎದ್ದು ಕೆಳಗೆ ಹೋದರು. ಬಹಳ ಹೊತ್ತಿನ ಮೇಲೆ ಕಾಫಿ ಲೋಟ ತಂದು ನನ್ನ ಮುಂದಿಟ್ಟು, "ಕುಡಿ," ಎಂದರು. ನಾನು ಕುಡಿಯುವವರೆಗೂ ನಿಂತಿದ್ದರು.

"ಅವಳು ಸೂಜಿಗೆ ಹೆದರ್ತಿರ್ಲಿಲ್ಲ. ನಂಬರಿಗೆ ಹೆದರಿದ್ಲು. ಎಲ್ರದ್ದೂ ನೋಡಿದೋಳು, ತನ್ನದನ್ನ ನೋಡಕ್ಕೆ ಧೈರ್ಯ ಸಾಲ್ಲಿಲ್ಲ," ಎಂದರು. "ಇನ್ನೂ ಒಂಬತ್ತು ದಿನ ಇದೆ. ಅದು ಮುಗಿಯೋ ತನಕ ಪುಸ್ತಕ ನನ್ನ ಹತ್ರ ಇರ್ಲಿ. ಆಮೇಲೆ ನೀನು ತಗೊಂಡು ಹೋಗು."

ಏಪ್ರಿಲ್ ಒಂದರಂದು ಕಚೇರಿಗೆ ರಜೆ ಹಾಕಿ ಹೋಗಿ ಅದನ್ನೂ ಬಾಕ್ಸ್ ಫೈಲನ್ನೂ ತಂದೆ. ಅಂದು ಬೆಳಿಗ್ಗೆ ಆಂಟಿ ಕಾಫಿ ಮಾಡಿಕೊಂಡಿರಲಿಲ್ಲ. ನಾನೇ ಮಾಡಿದೆ, ಇಬ್ಬರೂ ಕುಡಿದೆವು.

ನನ್ನ ಕೆಲಸ ಉಳಿಯಿತು. ಈಗ ಕಚೇರಿಯಲ್ಲಿ ನನ್ನನ್ನು ಎರಡು ವಿಷಯಕ್ಕೆ ಬಲ್ಲರು. ಸಂಖ್ಯೆಯಲ್ಲಿ ಏನಾದರೂ ಕಂಡರೆ ಮೇಲ್ ಕಳಿಸದೆ ಎದ್ದು ಹೋಗಿ ಎದುರಿಗೆ ನಿಂತು ಕೇಳುತ್ತೇನೆ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಕಂಪ್ಯೂಟರ್ ಮುಟ್ಟಿಸುವುದಿಲ್ಲ. ಎರಡೂ ನನ್ನವಲ್ಲ ಎಂದು ಯಾರಿಗೂ ಹೇಳಿರಲಿಲ್ಲ.

ಕಳೆದ ತಿಂಗಳು ಹೀಗೆಯೇ ಬೋರ್ಡಿನ ಮೇಲೆ ಯೋಚಿಸದೆ ನೂರು ಸಂಖ್ಯೆ ಬರೆದು, ನನ್ನ ಕೈ ಹಿಡಿಯಿರಿ ಎಂದೆ. ನಾನು ಒಂದು ಸಂಖ್ಯೆಯನ್ನು ಎರಡು ಸಲ ಬರೆಯುವುದಿಲ್ಲ ಎಂಬುದನ್ನು ಯಾರಾದರೂ ಹೇಳಬಹುದೆಂದು ಕಾಯುತ್ತಿದ್ದೆ. ಹಿಂದಿನ ಸಾಲಿನ ಹುಡುಗಿ ಸ್ವಲ್ಪ ಹೊತ್ತು ಎಣಿಸಿ ಕೈಯೆತ್ತಿದಳು.

"ಮೇಡಂ, ನಿಮ್ದು ಎರಡು ಸಲ ಏರತ್ತೆ, ಒಂದು ಸಲ ಇಳಿಯತ್ತೆ. ಆಮೇಲೆ ಒಂದೂ ನಾಲ್ಕರಲ್ಲಿ ಮುಗಿಯಲ್ಲ."

ನಾನು ತಿರುಗಿ ಬೋರ್ಡ್ ನೋಡಿದೆ. ಮೊದಲಿಂದ ಕೊನೆಯವರೆಗೆ ಎರಡು ಸಲ ನೋಡಿದೆ. ಇಟ್ಟಮಡುವಿನಲ್ಲಿ ನಾನು ಬರೆದ ಮೊದಲ ಹಾಳೆ ಬಾಕ್ಸ್ ಫೈಲಿನಲ್ಲಿದೆ. ಅದರಲ್ಲಿ ನಾಲ್ಕರಲ್ಲಿ ಮುಗಿಯುವವು ಒಂಬತ್ತಿವೆ. ಬೋರ್ಡಿನ ಮೇಲೆ ಒಂದೂ ಇರಲಿಲ್ಲ.

"ಯಾಕೆ ಮೇಡಂ ಹಂಗೆ?" ಎಂದಳು ಹುಡುಗಿ.

ಸುಮ್ಮನೆ ಒರೆಸಿಬಿಡಬಹುದಿತ್ತು. ಡಸ್ಟರ್ ಕೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲಿಟ್ಟೆ.

"ಇದು ನನ್ನ ಕೈ ಅಲ್ಲ," ಎಂದೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಅದು ಯಾರದು ಎಂದು ಮೊದಲಿಂದ ಹೇಳತೊಡಗಿದೆ.